ವಿಂಡೋಸ್ 7ರಲ್ಲಿ ಸೂಪರ್ಮಿಯಂ: ಡಿಟಿಪಿ ಅಂಗಡಿಗೆ ಆದೀತು, ಬ್ಯಾಂಕಿನ ಕೆಲಸಕ್ಕೆ ಬೇಡ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಮಾಡುವ ಡಿಟಿಪಿಯವರು ವಿಂಡೋಸ್ 7 ಬಿಡದಿರಲು ಕಾರಣವಿದೆ. ಪೇಜ್‌ಮೇಕರ್, ಹಳೆಯ ನುಡಿ ಫಾಂಟು, ಹೊಸ ಡ್ರೈವರ್ ಸಿಗದ ಪ್ರಿಂಟರ್, ಮೂರೂ ಅದರಲ್ಲಿ ಸರಿಯಾಗಿ ನಡೆಯುತ್ತವೆ. ಕೈಕೊಡುವುದು ಬ್ರೌಸರ್. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೆ ಬೆಂಬಲ ನಿಲ್ಲಿಸಿತು, ಕ್ರೋಮ್ 109ನೇ ಆವೃತ್ತಿಗೇ ನಿಂತಿತು.

ಸೂಪರ್ಮಿಯಂ ಈ ಕೊರತೆ ತುಂಬುತ್ತದೆ. ಕ್ರೋಮಿಗೆ ಅಡಿಪಾಯವಾದ ಕ್ರೋಮಿಯಂನ ಹೊಸ ಮೂಲವನ್ನೇ ಎಕ್ಸ್‌ಪಿ, 7ರಂಥ ಹಳೆಯ ವಿಂಡೋಸಿಗೆ ಹೊಂದಿಸಿದ ಉಚಿತ ಬ್ರೌಸರ್ ಇದು. ಗಿರಾಕಿ ಕಳಿಸಿದ ಮ್ಯಾಟರ್, ಫೋಟೊ ಇಳಿಸಿಕೊಳ್ಳಲು ವಾಟ್ಸಾಪ್ ವೆಬ್ ತೆರೆಯುತ್ತದೆ. ವಿಂಡೋಸ್ 7ರ ಗಾಜಿನಂಥ ಟೈಟಲ್ ಬಾರನ್ನೂ ಉಳಿಸಿದ್ದಾರೆ, ಚೆಂದವಿದೆ.

ಹಾಕುವ ಮೊದಲು 'ಕಂಪ್ಯೂಟರ್' ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸಿಸ್ಟಂ 32 ಬಿಟ್ಟೋ 64 ಬಿಟ್ಟೋ ನೋಡಿ. 32ರಲ್ಲಿ 64ರ ಫೈಲು ತೆರೆಯುವುದೇ ಇಲ್ಲ. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಿಂದ ಡೌನ್‌ಲೋಡ್ ಆಗದಿದ್ದರೆ ಫೋನಿನಲ್ಲಿ ಇಳಿಸಿ ಕೇಬಲಿನಲ್ಲಿ ದಾಟಿಸಿ. ರ‍್ಯಾಮ್ 2 ಜಿಬಿ ಮಾತ್ರವಿದ್ದರೆ ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಲೇಬೇಕು. ಪೇಜ್‌ಮೇಕರ್ ಜತೆಗೆ ಐದಾರು ಟ್ಯಾಬ್ ತೆರೆದರೆ ಯಂತ್ರ ಒದ್ದಾಡುತ್ತದೆ.

ಯಾವ ಸೈಟು ತೆರೆದರೂ ಸರ್ಟಿಫಿಕೇಟ್ (ಸೈಟು ಅಸಲಿ ಎನ್ನುವ ಗುರುತುಪತ್ರ) ದೋಷ ಬಂದರೆ ಬ್ರೌಸರನ್ನು ದೂರಬೇಡಿ, ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತರೆ, ಪ್ಲಗ್ ತೆಗೆದಾಗಲೆಲ್ಲ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಇಂದಿನ ಸರ್ಟಿಫಿಕೇಟಿಗೆ ಅವಧಿಯೇ ಶುರುವಾಗಿರುವುದಿಲ್ಲ. ಸೆಲ್ ಬದಲಿಸಿ ತಾರೀಕು ಸರಿಮಾಡಿದರೆ ಮುಗಿಯಿತು.

ಕನ್ನಡ ಓದುವುದಕ್ಕೆ ಮಾತ್ರ ಫೈರ್‌ಫಾಕ್ಸ್ 115 ಇಎಸ್‌ಆರ್ ಮೇಲು. ವಿಂಡೋಸ್ 7ರ ತುಂಗಾ ಎಂಬ ಕನ್ನಡ ಫಾಂಟಿನ ಅಕ್ಷರ ಸಣ್ಣದಾಗಿ ಕಾಣುತ್ತದೆ, ಒತ್ತಕ್ಷರಗಳು ಕಣ್ಣಿಗೆ ಹತ್ತುವುದಿಲ್ಲ. ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿಕೊಂಡು, ಫೈರ್‌ಫಾಕ್ಸಿನ ಫಾಂಟ್ ಸೆಟ್ಟಿಂಗಿನಲ್ಲಿ ಕನ್ನಡವನ್ನೇ ಆರಿಸಿ ಅದನ್ನು ಗೊತ್ತುಮಾಡಬಹುದು. ಕನ್ನಡ, ಮಲಯಾಳ ಎರಡರಲ್ಲೂ ಪ್ರೂಫ್ ನೋಡುವವರಿಗೆ ಇದು ದೊಡ್ಡ ಅನುಕೂಲ, ಎರಡಕ್ಕೂ ಬೇರೆ ಬೇರೆ ಫಾಂಟ್ ಕೊಡಬಹುದು.

ಬ್ಯಾಂಕು, ಜಿಎಸ್‌ಟಿ ಮಾತ್ರ ಖಂಡಿತ ಬೇಡ. ಬ್ರೌಸರ್ ಹೊಸದಾದರೂ ಅಡಿಯ ವಿಂಡೋಸಿನ ತೂತು ಹಾಗೇ ಇದೆ. ಸೂಪರ್ಮಿಯಂಗೂ ಭದ್ರತಾ ತಿದ್ದುಪಡಿ ಕ್ರೋಮಿಗಿಂತ ತಡವಾಗಿಯೇ ಬರುತ್ತದೆ. ಪ್ರೊಸೆಸರ್ 64 ಬಿಟ್ ಇದ್ದರೆ ಅದೇ ಯಂತ್ರದಲ್ಲಿ ಲುಬುಂಟು ಎಂಬ ಹಗುರ ಲಿನಕ್ಸನ್ನು ವಿಂಡೋಸಿನ ಜತೆಗೇ (ಡ್ಯುಯಲ್ ಬೂಟ್) ಹಾಕಿ, ಹಣದ ಕೆಲಸ ಅಲ್ಲಿ ಮಾಡಿ. ಇಲ್ಲಿನ ಕನ್ನಡ ಶಾಲೆಗಳಲ್ಲೂ ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಉಬುಂಟು ಆಧಾರಿತ ಲಿನಕ್ಸೇ ಇರುವುದರಿಂದ, ತೋರಿಸಿಕೊಡುವ ಮಕ್ಕಳು ಮನೆಯಲ್ಲೇ ಸಿಗುತ್ತಾರೆ.