ಸಿಕ್ಲಿಡ್ ಮರಿ ಎಲ್ಲಿ ಬೆಳೆಸೋದು: ಅಪ್ಪ-ಅಮ್ಮನ ಹತ್ತಿರವೋ, ಬಲೆಯೊಳಗೋ, ಬೇರೆ ಟ್ಯಾಂಕಿನಲ್ಲೋ?

ಸಿಕ್ಲಿಡ್ ಅನ್ನೋ ಅಕ್ವೇರಿಯಂ ಮೀನಿನ ಕುಟುಂಬದಲ್ಲಿ ಕಾನ್ವಿಕ್ಟ್ ಒಂದು; ಅದರ ಜೋಡಿ ಮನೆಗೆ ಬಂತು ಅಂದರೆ ಮೊಟ್ಟೆ ಇಡಿಸೋಕೆ ಏನೂ ಕಷ್ಟಪಡಬೇಕಿಲ್ಲ. ಮಧ್ಯ ಅಮೆರಿಕದ ಈ ಮೀನಿಗೆ ನಮ್ಮ ಕಲಬುರಗಿಯ ಗಡಸು ಬೋರ್ ನೀರು ಚೆನ್ನಾಗಿಯೇ ಒಗ್ಗುತ್ತದೆ. ಮನೆ ಹಿಂದೆ ಬಿದ್ದಿದ್ದ ಶಹಾಬಾದ್ ಕಲ್ಲಿನ ತುಂಡುಗಳನ್ನು ಓರೆಯಾಗಿ ನಿಲ್ಲಿಸಿದರೆ ಸಾಕು, ಗುಹೆ ಸಿದ್ಧ. ಅದು ಸುಣ್ಣದಕಲ್ಲು, ನೀರನ್ನು ಇನ್ನೂ ಸ್ವಲ್ಪ ಗಡಸು ಮಾಡುತ್ತದೆ. ಕಾನ್ವಿಕ್ಟಿಗೆ, ಮಲಾವಿ ಸರೋವರದ ಮೀನುಗಳಿಗೆ ಅದು ನಡೆಯುತ್ತದೆ. ಮೆದು ನೀರು ಬೇಡುವ ಡಿಸ್ಕಸ್, ರಾಮ್ ಸಿಕ್ಲಿಡ್ ಸಾಕುವವರಿಗೆ ಮಾತ್ರ ಈ ಕಲ್ಲಿನ ಸಹವಾಸ ಬೇಡ.

ತಲೆನೋವು ಶುರುವಾಗೋದು ಮರಿ ಈಜತೊಡಗಿದ ಮೇಲೆ. 26–27 ಡಿಗ್ರಿ ನೀರಿನಲ್ಲಿ ಸುಮಾರು 3 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಮೇಲೆ 4–5 ದಿನ ಮರಿಗಳು ತಳದಲ್ಲೇ ಮಿಸುಕಾಡುತ್ತಾ, ಹೊಟ್ಟೆಯಲ್ಲಿರುವ ಹಳದಿ ಚೀಲದ ಮೇಲೆ ಬದುಕುತ್ತವೆ. ನಂತರ ಒಂದು ಬೆಳಿಗ್ಗೆ ನೋಡಿದರೆ ನೂರಾರು ಚುಕ್ಕಿಗಳು ಅಮ್ಮನ ಸುತ್ತ ತೇಲುತ್ತಿರುತ್ತವೆ. ಅವನ್ನು ಬೆಳೆಸುವ ಮೂರು ದಾರಿಗಳನ್ನೂ ನಾನು ನೋಡಿದ್ದೇನೆ.

ಮೊದಲನೆಯದು, ಇದ್ದಲ್ಲೇ ಬಿಡೋದು. ನೋಡೋಕೆ ಇದರಷ್ಟು ಚಂದ ಇನ್ನೊಂದಿಲ್ಲ. ಗಂಡು ಹೊರಗಿನ ಕಾವಲು, ಹೆಣ್ಣು ಮರಿಗಳ ಹತ್ತಿರ. ತಳದ ಕಸ ಕೆದಕಿ ಮರಿಗಳಿಗೆ ತಿನ್ನೋಕೆ ಎಬ್ಬಿಸಿ ಕೊಡುತ್ತದೆ. ಸಂಜೆಯಾದರೆ ದಾರಿ ತಪ್ಪಿದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಗುಂಪಿಗೆ ಉಗುಳುತ್ತದೆ. ಬೆಲೆ ತೆರುವವರು ಉಳಿದ ಮೀನುಗಳು. ನಾಲ್ಕು ಅಡಿ ಟ್ಯಾಂಕಿನಲ್ಲೂ ಟೆಟ್ರಾಗಳೆಲ್ಲ ಒಂದು ಮೂಲೆಗೆ ಸೇರಿಕೊಂಡು ನಡುಗುತ್ತಿರುತ್ತವೆ. ಎರಡು ಅಡಿ ಟ್ಯಾಂಕಾದರೆ ಅವುಗಳ ರೆಕ್ಕೆ ಹರಿದುಹೋಗುತ್ತದೆ. ಇಷ್ಟು ಕಾವಲಿದ್ದರೂ ಮರಿ ದಿನದಿನಕ್ಕೆ ಕಡಿಮೆಯಾಗುತ್ತವೆ, ಯಾಕಂದರೆ ರಾತ್ರಿ ಲೈಟ್ ಆರಿದ ಮೇಲೆ ಅಪ್ಪ-ಅಮ್ಮನಿಗೆ ಕಣ್ಣು ಕಾಣೋದಿಲ್ಲ, ಸಕ್ಕರ್ ಮೀನಿಗೆ ಕತ್ತಲೆಯೇ ಅನುಕೂಲ. ಒಂದು ಸಣ್ಣ ನೀಲಿ ಬಲ್ಬ್ ರಾತ್ರಿಯಿಡೀ ಉರಿಸಿಟ್ಟರೆ ನಷ್ಟ ಕಡಿಮೆ. ಇನ್ನೊಂದು ಸಿಕ್ಲಿಡ್ ಆದ ಏಂಜೆಲ್ ಮೀನನ್ನು ಮಾತ್ರ ಈ ದಾರಿಯಲ್ಲಿ ನಂಬಬೇಡಿ. ಅಂಗಡಿಯಲ್ಲಿ ಸಿಗುವ ಜೋಡಿಗಳು ಬಹಳಷ್ಟು ಸಲ ತಮ್ಮ ಮೊಟ್ಟೆಯನ್ನು ತಾವೇ ತಿಂದು ಮುಗಿಸುತ್ತವೆ.

ಎರಡನೆಯದು ಟ್ಯಾಂಕಿನೊಳಗೆ ತೂಗುಹಾಕುವ ಬಲೆ ಡಬ್ಬಿ. ಅಂಗಡಿಯವರು ಮೊದಲು ಕೈಗೆ ಕೊಡೋದು ಇದನ್ನೇ. ಅದು ಗಪ್ಪಿ ಮರಿಗೆ ಸರಿ, ಅವು ಹುಟ್ಟುವಾಗಲೇ ದೊಡ್ಡವು. ಸಿಕ್ಲಿಡ್ ಮರಿ ಸಣ್ಣದು. ಬಲೆಯ ಕಣ್ಣಿಗೆ ಒರಗಿದ ಮರಿಯನ್ನು ಹೊರಗಿನ ಬಾರ್ಬ್ ಮೀನು ಹೀರಿ ಎಳೆಯುತ್ತದೆ. ತಿನ್ನದೆ ಉಳಿದ ಆಹಾರ ಮೂಲೆಯಲ್ಲಿ ಕೊಳೆಯುತ್ತದೆ, ಬಲೆಗೆ ಪಾಚಿ ಕಟ್ಟಿ ನೀರು ಓಡಾಡೋದಿಲ್ಲ. ಅಪ್ಪ-ಅಮ್ಮ ಬೇರೆ ಹೊರಗಿನಿಂದ ಬಲೆಗೆ ಗುದ್ದುತ್ತಾ ಹುಚ್ಚರಾಗುತ್ತಾರೆ. ಬಲೆಗಿಂತ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ವಾಸಿ, ಅದರಲ್ಲೂ ಏರ್ ಪಂಪಿನಿಂದ ನೀರು ಮೇಲೆತ್ತಿ ಒಳಗೆ ಸುರಿಯುವಂಥದ್ದು.

ಮೂರನೆಯದು ಬೇರೆ ಟ್ಯಾಂಕ್, ಒಳಗೊಂದು ಸ್ಪಂಜ್ ಫಿಲ್ಟರ್. ಮರಿ ಉಳಿಯೋದೂ ಬೆಳೆಯೋದೂ ಇದರಲ್ಲೇ ಜಾಸ್ತಿ. ಆದರೆ ಹೊಸ ಸ್ಪಂಜ್ ಇಟ್ಟರೆ ಉಪಯೋಗವಿಲ್ಲ. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾ; ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ಕೂರೋಕೆ ವಾರಗಳು ಬೇಕು. ಅದಕ್ಕೆ ಸ್ಪಂಜನ್ನು ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಓಡಿಸುತ್ತಿರಬೇಕು, ಬೇಕಾದಾಗ ಎತ್ತಿ ಇದಕ್ಕೆ ಹಾಕಬೇಕು. ನೀರೂ ದೊಡ್ಡ ಟ್ಯಾಂಕಿನದೇ ಇರಲಿ. ತೊಳೆಯುವಾಗ ನಲ್ಲಿ ಕೆಳಗೆ ಹಿಡಿಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಬೇರೆ ಊರಿನವರಾದರೆ ಇಲ್ಲಿಗೇ ತೀರ್ಪು ಕೊಟ್ಟುಬಿಡಬಹುದು. ನಮ್ಮಲ್ಲಿ ಹಾಗಲ್ಲ, ಬೇಸಿಗೆ ಇದೆಯಲ್ವಾ! ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ. ದೊಡ್ಡ ಟ್ಯಾಂಕಿನ 200 ಲೀಟರ್ ನಿಧಾನಕ್ಕೆ ಕಾಯುತ್ತದೆ. 20 ಲೀಟರ್ ಮರಿ ಟ್ಯಾಂಕ್ ಮಧ್ಯಾಹ್ನದೊಳಗೇ ಬಿಸಿ, ರಾತ್ರಿ ಮತ್ತೆ ಇಳಿತ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಗಡಸು, ಕ್ಷಾರದ ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚು. ಅದರ ಮೇಲೆ ಕರೆಂಟ್ ಹೋದರೆ ಏರ್ ಪಂಪೂ ನಿಂತಿತು. ಹಾಗಾಗಿ ನನ್ನ ಲೆಕ್ಕ ಹೀಗೆ: ದೀಪಾವಳಿಯಿಂದ ಶಿವರಾತ್ರಿವರೆಗೆ ಬೇರೆ ಟ್ಯಾಂಕ್, ಬೇಕಿದ್ದರೆ ಹೀಟರ್ ಸಮೇತ. ಯುಗಾದಿಯ ನಂತರ, ಮಳೆ ಬೀಳುವವರೆಗೆ, ಮೇಲೆ ಬೈದ ಆ ಡಬ್ಬಿಯೇ ಗೆಲ್ಲುತ್ತದೆ. ದೊಡ್ಡ ನೀರಿನೊಳಗೇ ತೇಲುವುದರಿಂದ ಅದಕ್ಕೆ ಬಿಸಿಯ ಏರಿಳಿತ ಅಷ್ಟಿಲ್ಲ.

ಬೇಸಿಗೆಯಲ್ಲೂ ಬೇರೆ ಟ್ಯಾಂಕೇ ಬೇಕು ಅನ್ನುವವರು ಮುಚ್ಚಳ ತೆಗೆದು, ಜಾಲರಿ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಬಿಡಿ. ನಮ್ಮ ಒಣ ಸೆಕೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಬಿಸಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದ ನೀರಿನ ಜಾಗಕ್ಕೆ ಮತ್ತೆ ಬೋರ್ ನೀರು ಸುರಿಯುತ್ತಾ ಹೋದರೆ ಲವಣ ಗಟ್ಟಿಯಾಗುತ್ತದೆ, ಅದಕ್ಕೆ ಆರ್‌ಒ ಕ್ಯಾನಿನ ನೀರೇ ಹಾಕಿ. ಮರಿ ಟ್ಯಾಂಕನ್ನು ಕೂಲರ್ ಇರುವ ಕೋಣೆಗೆ ತಂದಿಟ್ಟಾಗ ನಮ್ಮವ್ವ ಅಂದಿದ್ದು: "ಮನಷ್ಯಾರಿಗೇ ಕೂಲರ್ ಸಾಲವಲ್ದು, ನಿನ್ ಮೀನಿಗೆ ಬ್ಯಾರೆ ಬೇಕೇನು?" ಟ್ಯಾಂಕ್ ಮಾತ್ರ ಅಲ್ಲೇ ಉಳಿಯಿತು.

ಮರಿಗಳ ಊಟದ ವಿಷಯದಲ್ಲಿ ನನಗೆ ಗೊಂದಲವೇ ಇಲ್ಲ. ಬೇಯಿಸಿದ ಮೊಟ್ಟೆಯ ಹಳದಿ ಅಗ್ಗ, ಆದರೆ ಒಂದು ಚಿಟಿಕೆ ಹೆಚ್ಚಾದರೂ ನೀರು ನಾರುತ್ತದೆ. ಡಬ್ಬಿಯಲ್ಲಂತೂ ಬೇಡವೇ ಬೇಡ. ಪುಡಿ ಮಾಡಿದ ಫ್ಲೇಕ್ಸ್ ಕಾನ್ವಿಕ್ಟ್ ಮರಿಗೆ ಸಾಕು, ಸುಮ್ನೆ ದುಡ್ಡು ಖರ್ಚು ಮಾಡಬೇಡಿ. ಏಂಜೆಲ್ ಮರಿಗೆ ಮಾತ್ರ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ, ಬೇಕು. ಅದರ ಮೊಟ್ಟೆಯನ್ನು, ಲೀಟರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು ಬೆರೆಸಿದ ನೀರಿಗೆ ಹಾಕಿ, ಗಾಳಿ ಬಿಟ್ಟರೆ, ಬೆಚ್ಚಗಿನ ನೀರಿನಲ್ಲಿ ಒಂದು ದಿನದಲ್ಲಿ ಮರಿಯೊಡೆಯುತ್ತದೆ. ಒಡೆದ ಕೂಡಲೇ ತಿನ್ನಿಸಿ, ಹೊತ್ತು ಹೋದಷ್ಟೂ ಸತ್ವ ಇಳಿಯುತ್ತದೆ. ಇದೊಂದು ಕೆಲಸಕ್ಕೆ ಮಾತ್ರ ನಮ್ಮ ಬೇಸಿಗೆ ವರದಾನ, ಹೀಟರೇ ಬೇಕಾಗೋದಿಲ್ಲ.