ಪುಣೆಯ ಮಾನಸಿಕ ಆಸ್ಪತ್ರೆ: ವಾರ್ಡಿಗೆ ನಾಲ್ಕು ಸ್ಟಾರ್, ಬಿಲ್ ಕೌಂಟರಿಗೆ ಒಂದು

ನನ್ನ ತಮ್ಮನಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಕುಸಿಯುವ ಕಾಯಿಲೆ. ಈ ಬೇಸಿಗೆಯಲ್ಲಿ ನಿದ್ದೆ ಪೂರ್ತಿ ಹಾರಿಹೋಯಿತು. ರಾತ್ರಿಯಿಡೀ ಆನ್‌ಲೈನಿನಲ್ಲಿ ಮಿಕ್ಸರ್, ಶೂ, ಮತ್ತೆ ಮಿಕ್ಸರ್. ಕೊಥ್ರೂಡ್‌ನ ಪುಟ್ಟ ಫ್ಲ್ಯಾಟಿನಲ್ಲಿ ಅವನನ್ನು ಸಂಭಾಳಿಸಲು ಅವ್ವನಿಗೂ ನನಗೂ ಆಗಲಿಲ್ಲ. ಊರಿನದೇ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ, ಈಗಲೂ ಅಲ್ಲೇ ತೋರಿಸುತ್ತಿದ್ದೇವೆ.

ಅವನು ಒಪ್ಪಿ ಬಂದವನಲ್ಲ. ಹಾಗಾಗಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 89ನೇ ಕಲಮಿನಲ್ಲಿ, ನನ್ನ ಸಹಿಯ ಮೇಲೆ ದಾಖಲಾತಿ. ಇದರಲ್ಲಿ ಆಸ್ಪತ್ರೆಯವರು ಅಡ್ಡದಾರಿ ಹಿಡಿಯಲಿಲ್ಲ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಬಂದು ಅವನನ್ನು ನೋಡಿದರು. 30 ದಿನ ಮೀರಿದರೆ ಮತ್ತೆ ಹೊಸದಾಗಿ ಪರೀಕ್ಷೆಯಾಗಬೇಕು, ಬೇಡವೆನಿಸಿದರೆ ನೀನು ರಿವ್ಯೂ ಬೋರ್ಡಿಗೆ (ಇಂಥ ದೂರು ಕೇಳಲು ಕಾಯ್ದೆಯಲ್ಲೇ ಇರುವ ಮಂಡಳಿ) ಹೋಗಬಹುದು ಅಂತ ಅವನೆದುರೇ ಹೇಳಿದರು. ಅವನು ಕೇಳಿಸಿಕೊಂಡನೋ ಇಲ್ಲವೋ, ಹೇಳಿದ್ದು ನನಗೆ ಸಮಾಧಾನ ಕೊಟ್ಟಿತು.

ಕಾಯಿಲೆ ಏರಿದಾಗ ಅವನ ಬಾಯಲ್ಲಿ ಮರಾಠಿ ನಿಲ್ಲುವುದಿಲ್ಲ. ಬರೀ ವಿಜಾಪುರದ ಕನ್ನಡ. ನರ್ಸ್ ಏನು ಕೇಳಿದರೂ ಗೋಡೆ ಕಡೆ ತಿರುಗುತ್ತಿದ್ದ. ಇಲ್ಲಿ ವಾರ್ಡ್ ಬಾಯ್‌ಗಳನ್ನು ಮಾಮಾ ಅಂತಾರೆ. ನಮ್ಮ ಪುಣ್ಯಕ್ಕೆ ಆ ವಾರ್ಡಿನ ಮಾಮಾ ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರು.

"ಯಾಕೋ ತಮ್ಮಾ, ಗುಳಿಗಿ ಒಲ್ಲೆ ಅಂತೀಯಂತ?"

"ನೀರಾಗ ಏನೋ ಹಾಕ್ಯಾರ."

ಮಾಮಾ ವಾದ ಮಾಡಲಿಲ್ಲ. ಸೀಲ್ ಒಡೆಯದ ಬಾಟಲಿ ತಂದು ಅವನ ಕೈಗೇ ಕೊಟ್ಟರು. ಅವನೇ ಬಿರಡೆ ತಿರುವಿದ, ಕಿವಿ ಹತ್ತಿರ ಹಿಡಿದು ಟಿಕ್ ಅನ್ನುವ ಸದ್ದು ಕೇಳಿಸಿಕೊಂಡ, ನುಂಗಿದ. ಆ ಬಾಟಲಿಯ ದುಡ್ಡು ಮಾತ್ರ ಬಿಲ್ಲಿನಲ್ಲಿ ಕಾಣಲಿಲ್ಲ, ಬಹುಶಃ ಅವರದೇ ಜೇಬಿನದು.

ಡಾಕ್ಟರ್ ಮಾತು ಕಡಿಮೆ, ಆದರೆ ತಮ್ಮನಿಗೆ ಕೊಟ್ಟ ಲಿಥಿಯಂ ಗುಳಿಗೆ ಬಗ್ಗೆ ಅವ್ವನಿಗೆ ಕೂತು ವಿವರಿಸಿದರು. ನಾನು ಕನ್ನಡ ಮಾಡಿ ಹೇಳುತ್ತಿದ್ದೆ. ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು, ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಬೇಕು. ಊಟದ ಉಪ್ಪು ಏಕಾಏಕಿ ಬಿಡಬಾರದು. ವಾಂತಿ-ಭೇದಿ ಆದರೆ ತಕ್ಷಣ ಫೋನ್ ಮಾಡಬೇಕು. ಮೈಕೈ ನೋವಿಗೆ ಕೇಳದೆ ಐಬುಪ್ರೊಫೆನ್ ತಗೊಳ್ಳಬಾರದು. ಇಷ್ಟೆಲ್ಲ ಹೇಳಿ ಕೊನೆಗೆ ಕೊಟ್ಟ ಡಿಸ್ಚಾರ್ಜ್ ಚೀಟಿ ಪೂರಾ ಇಂಗ್ಲಿಷ್. ಅವ್ವ ಅದನ್ನು ಏನು ಮಾಡಬೇಕು? ಕ್ಯಾಲೆಂಡರಿನ ಹಿಂದೆ ನಾನೇ ಬರೆದು ಅಂಟಿಸಿದೆ.

ಊಟ ಸಾಧಾರಣ. ಭೇಟಿ ಸಮಯ ತೀರಾ ಕಡಿಮೆ.

ಇನ್ನು ಬಿಲ್ ಕೌಂಟರ್. "ಮೆಂಟಲ್ ಕೇಸಿಗೆ ಇನ್ಶೂರೆನ್ಸ್ ಬರಲ್ಲ" ಅಂತ ಜೋರು ದನಿಯಲ್ಲಿ, ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ. ಫೈಲ್ ಕಳಿಸುವ ಗೋಜಿಗೂ ಹೋಗಲಿಲ್ಲ. ಮೇಲೆ ಹೇಳಿದ ಅದೇ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಬೇರೆ ಕಾಯಿಲೆಗಳಿಗೆ ಇರುವಂತೆಯೇ ಇದಕ್ಕೂ ವಿಮೆ ಕೊಡಬೇಕು ಅಂತ ಅದರ 21ನೇ ಕಲಮಿನಲ್ಲಿದೆ. ವಾರ್ಡಿನವರಿಗೆ ಕಾಯ್ದೆ ಬಾಯಿಪಾಠ, ಕೌಂಟರಿನವರಿಗೆ ಗಂಧಗಾಳಿ ಇಲ್ಲ. ನಾನೇ ಕೈಯಿಂದ ಕಟ್ಟಿ, ಆಮೇಲೆ ವಿಮೆ ಕಂಪನಿಗೆ ಬರೆದೆ. ಒಂದಿಷ್ಟು ಕಡಿತವಾಗಿ ದುಡ್ಡು ಬಂತು. ನಿಮಗೂ ಹೀಗೆ ಅಂದರೆ, ಬರಲ್ಲ ಅನ್ನುವುದನ್ನು ಕಾಗದದ ಮೇಲೆ ಬರೆಸಿ, ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಕಂಪನಿಯವರು ಉತ್ತರ ಕೊಡುವುದಿಲ್ಲ.