ಸ್ಲೋ ಕುಕ್ಕರ್: ಪುಲ್ಡ್ ಪೋರ್ಕ್‌ಗೆ ಸೈ, ಬಾಫತ್‌ಗೆ ಬೇಡ

ಮೊದಲೇ ಹೇಳಿಬಿಡುತ್ತೇನೆ. ದಿನಾ ಅಡುಗೆಗೆ ಅಂತ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಪಾತ್ರೆ) ತಗೊಳ್ಳುವ ಯೋಚನೆ ಇದ್ದರೆ ಬಿಡಿ, ಆ ದುಡ್ಡಿಗೆ ಒಳ್ಳೆಯ ಮಿಕ್ಸಿ ಬರುತ್ತದೆ. ಆದರೆ ಭಾನುವಾರಕ್ಕೆ ಎರಡು ಕಿಲೋ ಹಂದಿ ಮಾಂಸವನ್ನು ಇಡಿಯಾಗಿ ಬೇಯಿಸಬೇಕು, ಫೋರ್ಕ್ ತಾಗಿಸಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು (ಪುಲ್ಡ್ ಪೋರ್ಕ್ ಅನ್ನುವುದು ಇದಕ್ಕೇ), ಅದಕ್ಕೆಂದು ಅರ್ಧ ದಿನ ಗ್ಯಾಸಿನ ಮುಂದೆ ನಿಲ್ಲಲೂಬಾರದು ಎನ್ನುವವರಿಗೆ ಇದಕ್ಕಿಂತ ಸುಲಭದ ಸಾಮಾನು ನನಗೆ ಸಿಕ್ಕಿಲ್ಲ. ಕೊರೊನಾ ಗಲಾಟೆ ಮುಗಿದ ಮೇಲೆ ತಗೊಂಡದ್ದು, ಇವತ್ತಿಗೂ ನಡೆಯುತ್ತಿದೆ. ನಾವಿರುವುದು ಮಂಗಳೂರಿನ ಕುಲಶೇಖರದ ಕಡೆ. ಇಲ್ಲಿನ ಕರೆಂಟು, ಇಲ್ಲಿನ ಸೆಕೆ, ಇಲ್ಲಿನ ಮಾಂಸದಂಗಡಿ, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಬರೆಯುತ್ತಿದ್ದೇನೆ.

ನನ್ನದು ನಾಲ್ಕೂವರೆ ಲೀಟರಿನದ್ದು, ಮೊಟ್ಟೆ ಆಕಾರ. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಮುಂದೆ ತಿರುಗಿಸುವ ಒಂದು ಗುಂಡಿ: ಲೋ, ಹೈ, ವಾರ್ಮ್. ಅಷ್ಟೇ. ಟೈಮರ್ ಇಲ್ಲ. ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸಂಜೆ ಹಸಿ ಮಾಂಸ ತುಂಬಿಟ್ಟು, ನಡುರಾತ್ರಿ ತಾನಾಗಿ ಶುರುವಾಗಲಿ ಅಂತ ಬಿಡುವುದೆಲ್ಲ ಚಳಿ ದೇಶಕ್ಕೂ ಸರಿಯಲ್ಲ, ಏಪ್ರಿಲ್ ತಿಂಗಳ ಮಂಗಳೂರಿಗಂತೂ ಬೇಡವೇ ಬೇಡ. 5 ಡಿಗ್ರಿಯಿಂದ 60 ಡಿಗ್ರಿಯ ಮಧ್ಯೆ ಮಾಂಸ ಜಾಸ್ತಿ ಹೊತ್ತು ಕೂರಬಾರದು. ಅದೇ ಕಾರಣಕ್ಕೆ ಫ್ರೀಜರಿನಿಂದ ತೆಗೆದ ಕಲ್ಲಿನಂಥ ಮಾಂಸವನ್ನು ನೇರ ಇದರೊಳಗೆ ಹಾಕಬಾರದು. ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ ಕರಗಿಸಿಕೊಳ್ಳಿ.

ಲೋ ಅಂದರೆ ಕಡಿಮೆ ಬಿಸಿ, ಹೈ ಅಂದರೆ ಜಾಸ್ತಿ ಬಿಸಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಸ್ಲೋ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಜಾಗಕ್ಕೆ, ಕುದಿಯುವುದಕ್ಕೆ ಸ್ವಲ್ಪ ಕೆಳಗೆ. ಹೈ ಇಟ್ಟರೆ ಅಲ್ಲಿಗೆ ಬೇಗ ತಲುಪುತ್ತದೆ, ಲೋ ಇಟ್ಟರೆ ನಿಧಾನ. ಎರಡು ಕಿಲೋ ತುಂಡಿಗೆ ಲೋ ಆದರೆ ಎಂಟರಿಂದ ಹತ್ತು ಗಂಟೆ, ಹೈ ಆದರೆ ಐದಾರು ಗಂಟೆ. ನಾನು ಶನಿವಾರ ರಾತ್ರಿ ಊಟ ಮುಗಿಸಿ ಲೋ ಇಟ್ಟು ಮಲಗುತ್ತೇನೆ. ಬೆಳಗ್ಗೆ ಚರ್ಚಿನ ಪೂಜೆಗೆ ಹೊರಡುವ ಹೊತ್ತಿಗೆ ಆಗಿರುತ್ತದೆ, ವಾರ್ಮ್‌ಗೆ ತಿರುಗಿಸಿ ಹೋದರಾಯಿತು.

ಈಗ ಮಾಂಸದ ವಿಷಯ. ಎಲ್ಲ ನಿಂತಿರುವುದು ಇದರ ಮೇಲೆ, ಯಂತ್ರದ ಮೇಲೆ ಅಲ್ಲ.

ನಮ್ಮ ಅಂಗಡಿಗಳಲ್ಲಿ ಪೋರ್ಕ್ ಅಂದರೆ ಚರ್ಮ, ಕೊಬ್ಬು, ಮಾಂಸ ಮೂರೂ ಸೇರಿದ ಸಣ್ಣ ತುಂಡುಗಳು. ನಮ್ಮ ಮಂಗಳೂರು ಕ್ಯಾಥೊಲಿಕರ ಮಸಾಲೆ ಹಂದಿ ಪದಾರ್ಥವಾದ ಬಾಫತ್‌ಗೆ ಅದೇ ಬೇಕು. ಮರದ ಕೊರಡಿನ ಮೇಲೆ ಅವರ ಕತ್ತಿ ಎಷ್ಟು ಬೇಗ ಆಡುತ್ತದೆಯೆಂದರೆ, ನಾವು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಕಿಲೋ ತುಂಡಾಗಿರುತ್ತದೆ. ಹಾಗಾಗಿ ತೂಕಕ್ಕೆ ಇಡುವ ಮೊದಲೇ ಹೇಳಬೇಕು: ಮುಂಗಾಲಿನ ಮೇಲಿನ ಭಾಗ, ಶೋಲ್ಡರ್, ಇಡೀ ಕೊಡಿ, ಚರ್ಮ ತೆಗೆಯಿರಿ, ಕೊಬ್ಬು ಇರಲಿ. "ಇಡೀ ತಗೊಂಡು ಏನು ಮಾಡ್ತೀರಿ ಬಾಯಮ್ಮ, ರೋಸ್ ಉಂಟಾ ಮನೇಲಿ?" ಅಂತ, ಮದುವೆಗೆ ಮುಂಚಿನ ರೋಸ್ ಶಾಸ್ತ್ರ ಇದೆಯಾ ಅನ್ನುವ ಹಾಗೆ, ನಮ್ಮ ಅಂಗಡಿಯವರು ಕೇಳುತ್ತಿದ್ದರು. ಈಗ ನನ್ನ ಮುಖ ಕಂಡರೆ ಸಾಕು, ತುಂಡನ್ನು ಬದಿಗೆ ಎತ್ತಿಡುತ್ತಾರೆ. ಭಾನುವಾರ ಪೂಜೆ ಬಿಟ್ಟ ಮೇಲೆ ಹೋದರೆ ಆ ರಶ್ಶಿನಲ್ಲಿ ಇದೆಲ್ಲ ಹೇಳುತ್ತಾ ನಿಲ್ಲಲು ಆಗುವುದಿಲ್ಲ. ಶನಿವಾರ ಬೆಳಗ್ಗೆ ಹೋಗುವುದು ವಾಸಿ.

ಕೊಬ್ಬು ಕಮ್ಮಿ ಇರಲಿ ಅಂತ ಬೆನ್ನಿನ ಬದಿಯ ಒಳ್ಳೆಯ ಮಾಂಸ ತಗೊಂಡು ಹೋಗಬೇಡಿ. ಅದು ಬೇಯುತ್ತದೆ, ಆದರೆ ಒಣಗಿ ಪುಡಿ ಪುಡಿಯಾಗುತ್ತದೆ. ಭುಜದ ಮಾಂಸದ ಮಧ್ಯೆ ಬಿಳಿ ಪೊರೆ, ಗಟ್ಟಿ ನಾರು ಜಾಸ್ತಿ. ಜೀವ ಇರುವಾಗ ದಿನವಿಡೀ ಮೈಭಾರ ಹೊರುವ ಭಾಗ ಅಲ್ವಾ. ಆ ನಾರಿನಲ್ಲಿರುವುದು ಕೊಲ್ಲಾಜನ್. ಸುಮಾರು 70 ಡಿಗ್ರಿಯಿಂದ ಮೇಲೆ ಅದು ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ, ಮಾಂಸದ ಎಳೆಗಳಿಗೆ ಜಿಗುಟಾದ ರಸ ಹತ್ತುವುದು ಅದರಿಂದಲೇ. ಒಳಗಿನ ಬಿಸಿ 90ರಿಂದ 95 ಡಿಗ್ರಿಗೆ ಬಂದರೆ ಎಳೆ ಬಿಡುತ್ತದೆ. ಆರು ಗಂಟೆ ಬೆಂದ ಮೇಲೆ ಚುಚ್ಚಿ ನೋಡಿ, ರಬ್ಬರಿನ ಹಾಗಿದ್ದರೆ ಹಾಳಾಯಿತು ಅಂತ ಗಾಬರಿಯಾಗಬೇಡಿ. ಜಾಸ್ತಿ ಬೆಂದು ಗಟ್ಟಿಯಾದದ್ದಲ್ಲ ಅದು, ಇನ್ನೂ ಬೇಯದೆ ಗಟ್ಟಿ ಇರುವುದು. ಮುಚ್ಚಿ ಬಿಟ್ಟುಬಿಡಿ. ಸುಮ್ನೆ ಮುಚ್ಚಳ ತೆಗೆದು ನೋಡುತ್ತಿದ್ದರೆ ಪ್ರತಿ ಸಲವೂ ಇಪ್ಪತ್ತು ನಿಮಿಷದ ಬಿಸಿ ಹೋಯಿತು ಅಂತ ಲೆಕ್ಕ.

ಮಸಾಲೆಗೆ ಹೊರದೇಶದ ಡಬ್ಬಿಗಳೇನೂ ಬೇಕಿಲ್ಲ. ಅವರು ಪ್ಯಾಪ್ರಿಕಾ ಅನ್ನುವ ಕಡೆ ಬ್ಯಾಡಗಿ ಮೆಣಸಿನ ಪುಡಿ, ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ. ಅವರು ಬ್ರೌನ್ ಶುಗರ್ ಅನ್ನುವ ಕಡೆ ಓಲೆ ಬೆಲ್ಲ, ಅದರಲ್ಲಿರುವ ಸಣ್ಣ ಹೊಗೆ ವಾಸನೆ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಎರಡು ಕಿಲೋಗೆ ಒಂದೂವರೆ ಟೇಬಲ್ ಚಮಚ ಉಪ್ಪು, ಎರಡು ಚಮಚ ಮೆಣಸಿನ ಪುಡಿ, ಒಂದು ಅಚ್ಚು ಬೆಲ್ಲದಲ್ಲಿ ಅರ್ಧ, ಕಾಳುಮೆಣಸು, ಜೀರಿಗೆ ಪುಡಿ, ಜಜ್ಜಿದ ಬೆಳ್ಳುಳ್ಳಿ. ಎಲ್ಲ ಸವರಿ ರಾತ್ರಿಯವರೆಗೆ ಫ್ರಿಜ್ಜಿನಲ್ಲಿ. ಕುಕ್ಕರಿನ ತಳಕ್ಕೆ ದಪ್ಪ ಹೆಚ್ಚಿದ ಎರಡು ನೀರುಳ್ಳಿ, ಮೇಲೆ ಮಾಂಸ, ಸುತ್ತ ಕಾಲು ಕಪ್ ವಿನೆಗರ್.

ನೀರು? ಒಂದು ಹನಿಯೂ ಬೇಡ. ಇದನ್ನು ನಂಬುವುದಕ್ಕೆ ನಮ್ಮವರಿಗೆ ತುಂಬಾ ಕಷ್ಟ. ನಮ್ಮ ಅತ್ತೆ ಈಗಲೂ "ಅಡಿ ಹಿಡೀತದೆ, ಒಂದು ಲೋಟ ಹಾಕು" ಅಂತ ಹಿಂದೆ ಬಂದು ನಿಲ್ಲುತ್ತಾರೆ. ಹಿಡಿಯುವುದಿಲ್ಲ. ಈ ಪಾತ್ರೆಯಿಂದ ಹಬೆ ಹೊರಗೆ ಹೋಗುವುದೇ ಕಮ್ಮಿ. ಮುಚ್ಚಳಕ್ಕೆ ತಾಗಿ ನೀರಾಗಿ ಅಂಚಿನಲ್ಲಿ ಕೆಳಗೆ ಇಳಿಯುತ್ತದೆ. ಮಾಂಸವೂ ತನ್ನ ನೀರು ಬಿಡುತ್ತದೆ, ನೀರುಳ್ಳಿಯೂ ಬಿಡುತ್ತದೆ. ಬೆಳಗ್ಗೆ ನೋಡಿದರೆ ಅರ್ಧ ಪಾತ್ರೆ ರಸ. ಇದಕ್ಕೆ ಇನ್ನೂ ನೀರು ಸೇರಿಸಿದರೆ ಸಪ್ಪೆ ನೀರಲ್ಲಿ ಬೇಯಿಸಿದ ಮಾಂಸ ಸಿಗುತ್ತದೆಯೇ ಹೊರತು ಪುಲ್ಡ್ ಪೋರ್ಕ್ ಅಲ್ಲ. ಸ್ಲೋ ಕುಕ್ಕರ್ ಅಡುಗೆ ರುಚಿಯಿಲ್ಲ ಅಂತ ಬಯ್ಯುವವರಲ್ಲಿ ಅರ್ಧ ಜನ ಇಲ್ಲೇ ಸಿಕ್ಕಿಕೊಂಡಿರುತ್ತಾರೆ.

ಮಿಕ್ಕ ಅರ್ಧ ಜನ ಮುಂದಿನ ಕೆಲಸ ಮಾಡುವುದಿಲ್ಲ. ಮಾಂಸವನ್ನು ಹುಷಾರಾಗಿ ಎತ್ತಿ ದೊಡ್ಡ ತಟ್ಟೆಯಲ್ಲಿಟ್ಟು ಕಾಲು ಗಂಟೆ ಬಿಡಿ. ಎತ್ತುವಾಗ ಎಲುಬು ಕೈಯಲ್ಲೇ ಬರಬೇಕು, ಒರೆಸಿದ ಹಾಗೆ ಕ್ಲೀನಾಗಿ. ಬಂದರೆ ಆಯಿತು ಅಂತ ಅರ್ಥ. ಎರಡು ಫೋರ್ಕ್‌ನಿಂದ ಎಳೆದು ಬಿಡಿಸಿ, ಕೊಬ್ಬಿನ ದೊಡ್ಡ ಗಂಟುಗಳನ್ನು ಆರಿಸಿ ತೆಗೆಯಿರಿ. ಅತ್ತ ರಸವನ್ನು ಸೋಸಿ ನಿಲ್ಲಲು ಬಿಟ್ಟರೆ ಒಂದು ಬೆರಳು ದಪ್ಪಕ್ಕೆ ಕೊಬ್ಬು ಮೇಲೆ ಬರುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ಉಳಿದದ್ದನ್ನು ಅಗಲ ಬಾಣಲೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಈಗ ಅದು ಚಮಚಕ್ಕೆ ಅಂಟುತ್ತದೆ. ರುಚಿ ನೋಡಿ ಬೆಲ್ಲ, ವಿನೆಗರ್ ಸರಿ ಮಾಡಿ ಮಾಂಸಕ್ಕೆ ಸುರಿಯಿರಿ. ಕೊನೆಗೆ ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಿಸಿ, ತೆಗೆದ ಕೊಬ್ಬಿನಲ್ಲೇ ಒಂದು ಚಮಚ ಹಾಕಿ, ಮಾಂಸವನ್ನು ಹರಡಿ ಮುಟ್ಟದೆ ಬಿಡಿ. ಎರಡು ನಿಮಿಷಕ್ಕೆ ಚರಚರ ಸದ್ದು ಬದಲಾಗುತ್ತದೆ. ಅಂಚುಗಳು ಕಂದಾಗಿ ಗರಿಯಾಗಿರುತ್ತವೆ, ಬೆಲ್ಲ ಅಲ್ಲಲ್ಲಿ ಹೊತ್ತಿರುತ್ತದೆ. ಸ್ಲೋ ಕುಕ್ಕರಿನಿಂದ ಯಾವತ್ತೂ ಬಾರದ ರುಚಿ ಅದು, ಅಲ್ಲಿ ನೀರಿನಂಶ ಜಾಸ್ತಿ, ಏನೂ ಕಂದಾಗುವುದಿಲ್ಲ.

ಅಸಲಿ ಪುಲ್ಡ್ ಪೋರ್ಕ್ ಇದಲ್ಲ ಅನ್ನುವವರು ಇದ್ದಾರೆ, ಅವರು ಹೇಳುವುದು ಸರಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಅದನ್ನು ಮಾಡುವುದು ಕಟ್ಟಿಗೆಯ ಹೊಗೆಯಲ್ಲಿ, ಗಂಟೆಗಟ್ಟಲೆ. ನಾರ್ತ್ ಕ್ಯಾರೊಲಿನಾದ ಪೂರ್ವ ಭಾಗದಲ್ಲಿ ವಿನೆಗರ್ ಮತ್ತು ಮೆಣಸಿನ ತೆಳು ಸಾಸ್ ಹಾಕುತ್ತಾರೆ, ಟೊಮೆಟೊ ಇಲ್ಲ. ಹುಳಿ, ಖಾರ, ಹಂದಿ: ನಮ್ಮ ಇಂದಾದ್ ತಿಂದ ನಾಲಿಗೆಗೆ ಅದು ಹೊಸದೇನೂ ಅಲ್ಲ. ಹೊಗೆ ಬೇಕೇ ಬೇಕು ಅಂದರೆ ತೆಂಗಿನ ಗೆರಟೆಯ ಒಂದು ಕೆಂಡವನ್ನು ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟು ಮಾಂಸದ ಮಧ್ಯೆ ಇಡಿ. ಅರ್ಧ ಚಮಚ ಕೊಬ್ಬು ಬಿಟ್ಟು ಐದು ನಿಮಿಷ ಮುಚ್ಚಿದರೆ ಸಾಕು. ಸ್ಮೋಕರಿನ ಮಟ್ಟಕ್ಕೆ ಬರುವುದಿಲ್ಲ, ಆದರೆ ಬಂದವರು ಕೇಳುತ್ತಾರೆ.

ತಿನ್ನುವುದು ಯಾವುದರ ಜೊತೆ? ಬೇಕರಿಯ ಬನ್ ಓಕೆ. ಸಾನ್ನಾಂ (ನಮ್ಮ ಮೆತ್ತನೆ ಇಡ್ಲಿ) ಅದಕ್ಕಿಂತ ಚೆನ್ನ, ಜಿಗುಟು ರಸವನ್ನೆಲ್ಲ ಹೀರಿಕೊಳ್ಳುತ್ತದೆ. ನೀರುದೋಸೆಯಲ್ಲಿ ಸುತ್ತಿ, ಹಸಿ ನೀರುಳ್ಳಿ, ಎಲೆಕೋಸಿನ ಸಲಾಡ್ ಇಟ್ಟು ಕೊಟ್ಟರೆ ನಮ್ಮ ಮಕ್ಕಳು ಮಾತಾಡುವುದಿಲ್ಲ.

ಪ್ರೆಶರ್ ಕುಕ್ಕರಿನಲ್ಲಿ ಆಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಮಾಂಸವನ್ನು ನಾಲ್ಕು ದೊಡ್ಡ ಭಾಗ ಮಾಡಿ, ಒಂದು ಕಪ್ ನೀರು ಹಾಕಿ, ವಿಶಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ. ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುವುದರಿಂದ ಬೇಗ ಆಗುತ್ತದೆ. ಅವಸರವಿದ್ದಾಗ ನಾನೂ ಮಾಡುತ್ತೇನೆ. ಆದರೆ ಸ್ವಲ್ಪ ಆಚೀಚೆ ಆದರೂ ಎಳೆ ಹೋಗಿ ಮುದ್ದೆಯಾಗುತ್ತದೆ, ಸ್ಲೋ ಕುಕ್ಕರ್ ಒಂದು ಗಂಟೆ ಹೆಚ್ಚಾದರೂ ಕ್ಷಮಿಸುತ್ತದೆ. ನಾನು ದುಡ್ಡು ಕೊಟ್ಟದ್ದು ಆ ನಿಶ್ಚಿಂತೆಗೆ.

ಇನ್ನು ಬಾಫತ್. ದಯವಿಟ್ಟು ಇದರಲ್ಲಿ ಮಾಡಬೇಡಿ. ದುಕ್ರಾ ಮಾಸ್‌ಗೆ (ಕೊಂಕಣಿಯಲ್ಲಿ ಹಂದಿ ಮಾಂಸ) ಮಸಾಲೆ ಮತ್ತು ಕೊಬ್ಬು ಉರಿಯ ಮೇಲೆ ಸೇರಿ ಎಣ್ಣೆ ಬಿಡಬೇಕು, ರಸ ಬತ್ತಬೇಕು. ಇಲ್ಲಿ ಎರಡೂ ಆಗುವುದಿಲ್ಲ. ಚರ್ಮ ಜೆಲ್ಲಿಯ ಹಾಗೆ ಲೋಳೆಯಾಗುತ್ತದೆ. ತೆಂಗಿನಕಾಯಿ ಅರೆದು ಹಾಕುವ ಗಸಿಗಳದ್ದೂ ಅದೇ ಕಥೆ, ತೆಂಗಿನ ಹಾಲು ಅಷ್ಟು ಹೊತ್ತು ಬೆಂದರೆ ಒಡೆಯುತ್ತದೆ. ಮೀನು ಕೇಳಲೇಬೇಡಿ. ಕುರಿ ಕಾಲಿನ ಸೂಪ್ ಮಾತ್ರ ಅದ್ಭುತ. ಈಸ್ಟರಿನ ಮೊದಲಿನ ತಪಸ್ಸಿನ ಕಾಲದಲ್ಲಿ ಪೋರ್ಕ್ ಬಂದ್ ಆದಾಗ ಕುಚ್ಚಲಕ್ಕಿ ಗಂಜಿ ರಾತ್ರಿ ಇಟ್ಟರೆ ಬೆಳಗ್ಗೆಗೆ ತಯಾರು.

ರಾಜ್ಮಾ ವಿಷಯ ಒಂದು ಎಚ್ಚರಿಕೆ. ಈ ಯಂತ್ರ ಶುರುವಾದದ್ದೇ ಬೀನ್ಸ್ ಬೇಯಿಸಲಿಕ್ಕೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ರೈವಲ್ ಕಂಪನಿ 1971ರಲ್ಲಿ ಅದನ್ನೇ ಕ್ರಾಕ್ ಪಾಟ್ ಅಂತ ಮಾರಿತು. ಆದರೂ ಕೆಂಪು ರಾಜ್ಮಾವನ್ನು ನೆನೆಸಿ ನೇರ ಇದಕ್ಕೆ ಹಾಕಬಾರದು. ಅದರಲ್ಲಿರುವ ವಿಷದ ಅಂಶ ಹೋಗಬೇಕಾದರೆ ಮೊದಲು ಗ್ಯಾಸಿನ ಮೇಲೆ ಹತ್ತು ನಿಮಿಷ ಚೆನ್ನಾಗಿ ಕೊತಕೊತ ಕುದಿಯಬೇಕು. ಇಲ್ಲದಿದ್ದರೆ ವಾಂತಿ, ಭೇದಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ.

ಕರೆಂಟ್ ಬಿಲ್ಲಿಗೆ ಹೆದರಬೇಡಿ. ನನ್ನದರ ಅಡಿಯಲ್ಲಿ 220 ವಾಟ್ ಅಂತ ಬರೆದಿದೆ, ಎಂಟು ಗಂಟೆಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. ಗೀಸರ್ ಇದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತದೆ. ನಿಜವಾದ ತಲೆನೋವು ಜೂನ್, ಜುಲೈ. ಗಾಳಿ ಮಳೆಗೆ ರಾತ್ರಿ ಕರೆಂಟ್ ಹೋದರೆ ಯಾವಾಗ ಹೋಯಿತು, ಯಾವಾಗ ಬಂತು ಗೊತ್ತಾಗುವುದಿಲ್ಲ, ಈ ಗುಂಡಿಯ ಮಾಡೆಲ್ ಏನೂ ಆಗದ ಹಾಗೆ ಮತ್ತೆ ಬಿಸಿಯಾಗುತ್ತಾ ಕೂತಿರುತ್ತದೆ. ಮನೆಯಲ್ಲಿ ಎಚ್ಚರವಿದ್ದರೆ ತಕ್ಷಣ ಗ್ಯಾಸಿಗೆ ವರ್ಗಾಯಿಸಿ ಬೇಯಿಸಿ ಮುಗಿಸಬಹುದು. ಪೂರ್ತಿ ಬೆಂದ ಮೇಲೆ ಹೋಗಿದ್ದರೆ ಎರಡು ಗಂಟೆವರೆಗೆ ತೊಂದರೆಯಿಲ್ಲ. ಅರೆಬೆಂದಾಗ ಎಷ್ಟು ಹೊತ್ತು ಹೋಗಿತ್ತೋ ತಿಳಿಯದಿದ್ದರೆ ಬಿಸಾಡುವುದೇ ಸರಿ, ಎಷ್ಟೇ ಹೊಟ್ಟೆ ಉರಿದರೂ. ನಾವು ಮಳೆಗಾಲದಲ್ಲಿ ಇನ್ವರ್ಟರ್ ಲೈನಿನ ಪ್ಲಗ್ಗಿಗೆ ಹಾಕುತ್ತೇವೆ. ಮೂರು ಫ್ಯಾನಿನಷ್ಟು ಲೋಡ್, ಒಂದೆರಡು ಗಂಟೆ ತಳ್ಳುತ್ತದೆ. ಇಲ್ಲವಾದರೆ ಹಗಲು ಹೊತ್ತು ಹೈ ಇಟ್ಟು ಕಣ್ಣೆದುರೇ ಮುಗಿಸಿ.

ವಿದೇಶದಿಂದ ತರಿಸುವವರಿಗೆ: ದುಬೈಯಿಂದ ತಂದದ್ದು ಪ್ಲಗ್ ಬದಲಾಯಿಸಿದರೆ ಇಲ್ಲಿ ನಡೆಯುತ್ತದೆ. ಅಮೆರಿಕದಿಂದ ತಂದದ್ದು 120 ವೋಲ್ಟಿನದ್ದು, ನೇರ ಚುಚ್ಚಿದರೆ ಕಥೆ ಮುಗಿಯಿತು. ಮಗ ಕಳಿಸಿದ್ದು ಅಂತ ಪ್ರೀತಿಗೆ ಟ್ರಾನ್ಸ್‌ಫಾರ್ಮರ್ ತಗೊಳ್ಳುವ ಖರ್ಚಿಗೆ ಇಲ್ಲೇ ಒಂದು ಸಿಗುತ್ತದೆ.

ಇಷ್ಟು ಕಾಲ ಬಳಸಿದ ಮೇಲೆ ಬಾಡಿ ಹೇಗಿದೆ? ಕಡಲ ಗಾಳಿಗೆ ಅಡಿಯ ಸ್ಕ್ರೂಗಳೆಲ್ಲ ತುಕ್ಕು. ಗುಂಡಿಯ ಸುತ್ತಲಿನ ಅಕ್ಷರ ಅಳಿಸಿಹೋಗಿ ಲೋ ಎಲ್ಲಿ, ಹೈ ಎಲ್ಲಿ ಅಂತ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟುಕೊಂಡಿದ್ದೇನೆ. ಬಿಸಿಯಾಗುವ ಭಾಗಕ್ಕೆ ಏನೂ ಆಗಿಲ್ಲ. ಪಿಂಗಾಣಿ ಪಾತ್ರೆ ತೊಳೆಯುವುದು ಸುಲಭ, ಆದರೆ ಆನೆ ಭಾರ, ಸೋಪಿನ ಕೈಯಲ್ಲಿ ಸಿಂಕಿನ ಅಂಚಿಗೆ ತಾಗಿದರೆ ಮುಗಿಯಿತು. ಬಿಸಿ ಇರುವಾಗ ತಣ್ಣೀರು ಹಾಕಿದರೂ ಬಿರುಕು ಬಿಡುತ್ತದೆ. ನನ್ನದರ ಅಂಚಲ್ಲಿ ಕೂದಲೆಳೆಯಂಥ ಒಂದು ಗೆರೆ ಕಾಣಿಸಿದೆ, ಅದಕ್ಕೆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ ಪಾತ್ರೆ ಮಾತ್ರ ಬರುವುದಿಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದರು. ಮೂರು ಲೀಟರಿಗಿಂತ ಸಣ್ಣದು ತಗೊಳ್ಳಬೇಡಿ, ಇಡೀ ಶೋಲ್ಡರ್ ಹಿಡಿಯುವುದಿಲ್ಲ. ಮತ್ತೆ ದುಡ್ಡು ಕೊಡುವ ಮೊದಲು ಒಳಪಾತ್ರೆ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯಲ್ಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.